ಅಡಿಕೆ ತೋಟಕ್ಕೆ ಮದ್ದು ಬಿಡಲು ಸದಸ್ಯರದೇ ಸಂಘ: ಕಟ್ಟುವ ಕ್ರಮ, ಲೆಕ್ಕ, ಎಡವುವ ಜಾಗಗಳು

ಮೇ ತಿಂಗಳ ಕೊನೆಗೆ ಕಾಸರಗೋಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಒಂದೇ ಮಾತು: ಮದ್ದು ಬಿಡುವವರು (ಔಷಧ ಸಿಂಪಡಿಸುವವರು) ಸಿಕ್ಕಿದರಾ? ಮಳೆ ಹಿಡಿಯುವ ಮೊದಲು ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಗೊನೆಗೆ ತಾಗದಿದ್ದರೆ ಕೊಳೆರೋಗಕ್ಕೆ ಬಾಗಿಲು ತೆರೆದ ಹಾಗೆ. ಅಡಿಕೆ ಮಾರಲು ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ, ಸಾಲಕ್ಕೆ ಪಂಚಾಯತಿನ ಸೇವಾ ಸಹಕಾರಿ ಬ್ಯಾಂಕ್ ಇದೆ, ಹಾಲಿಗೆ ಹಾಲಿನ ಸೊಸೈಟಿ ಇದೆ. ಮರದ ಮೇಲಿನ ಕೆಲಸಕ್ಕೆ ಮಾತ್ರ ಪ್ರತಿಯೊಬ್ಬರೂ ಒಂಟಿಯಾಗಿ ಓಡಾಡುವುದು. ಹೊಸ ಸಹಕಾರ ಸಂಘಕ್ಕೆ ಸರಿಯಾದ ಜಾಗ ಇಂಥದ್ದು. ಸದಸ್ಯರಿಗೆಲ್ಲ ಬೇಕಾದ, ಒಬ್ಬೊಬ್ಬರಿಂದ ಆಗದ, ಈಗಿರುವ ಯಾವ ಸಂಘವೂ ಮಾಡದ ಕೆಲಸ. ಇದ್ದ ಸಂಘದ ಕೆಲಸವನ್ನೇ ಇನ್ನೊಮ್ಮೆ ಮಾಡಲು ಹೊರಟರೆ ನೋಂದಣಿಯಲ್ಲೂ ಅಡ್ಡಿ, ವ್ಯಾಪಾರದಲ್ಲೂ ಅಡ್ಡಿ.

ಇಲ್ಲಿ ಮದ್ದು ಬಿಡುವ ಸಂಘವನ್ನೇ ಉದಾಹರಣೆಗೆ ಹಿಡಿದು ಹೇಳಿದೆ. ಸುಲಿಯುವ ಯಂತ್ರ, ಒಣಗಿಸುವ ಗೂಡು, ಕೊಯ್ಲಿನ ತಂಡ ಯಾವುದಕ್ಕಾದರೂ ಲೆಕ್ಕದ ದಾರಿ ಇದೇ. ಕೆಳಗಿನ ರೂಪಾಯಿ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಊರಿನ ಕೂಲಿ, ನಿಮ್ಮ ಊರಿನ ಬೆಲೆ ಹಾಕಿ ಇನ್ನೊಮ್ಮೆ ಮಾಡಿ.

ಮೊದಲು ಬ್ಯಾರೆಲ್ ಎಣಿಸಿ

ಹೆಚ್ಚಿನವರು ಶುರುಮಾಡುವುದು ಸಬ್ಸಿಡಿ ಎಲ್ಲಿ ಸಿಗುತ್ತದೆ ಎಂಬ ವಿಚಾರಣೆಯಿಂದ. ಸಬ್ಸಿಡಿಯಲ್ಲಿ ಯಂತ್ರ ಬರುತ್ತದೆ, ಉದ್ಘಾಟನೆಯ ಫೋಟೋ ಬರುತ್ತದೆ, ಮೂರನೇ ವರ್ಷ ಯಂತ್ರ ಯಾರದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಸದಸ್ಯರು ಸಂಘಕ್ಕೆ ಎಷ್ಟು ಕೆಲಸ ಕೊಡುತ್ತಾರೆ ಎಂದು ಯಾರೂ ಎಣಿಸಿರುವುದಿಲ್ಲ, ಅದೇ ಕಾರಣ.

ಮದ್ದಿನ ಕೆಲಸ ಎಣಿಸುವುದು ಸುಲಭ, ಎಲ್ಲರೂ ಬ್ಯಾರೆಲ್ (200 ಲೀಟರಿನ ಡ್ರಮ್ಮು) ಲೆಕ್ಕದಲ್ಲೇ ಮಾತಾಡುತ್ತಾರೆ. ಮನೆಮನೆಗೆ ಹೋಗಿ ಕಳೆದ ವರ್ಷ ಒಂದು ಸುತ್ತಿಗೆ ಎಷ್ಟು ಬ್ಯಾರೆಲ್ ಬೇಕಾಯಿತು ಎಂದು ಕೇಳಿ ಬರೆದುಕೊಳ್ಳಿ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಹೆಚ್ಚುಕಡಿಮೆ 550 ಮರ. ಮಾಲಕರು ಹೇಳುವ ಬ್ಯಾರೆಲ್ ಸಂಖ್ಯೆಗೂ ಮರದ ಸಂಖ್ಯೆಗೂ ತಾಳೆಯಾಗುತ್ತದೆಯೇ ನೋಡಿ. 60 ಮನೆ, ಸರಾಸರಿ 6 ಬ್ಯಾರೆಲ್ ಎಂದಾದರೆ ಒಂದು ಸುತ್ತಿಗೆ 360, ಎರಡು ಸುತ್ತಿಗೆ 720.

ಈಗ ತಂಡ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಹಿಡಿದು ನೆಲದಿಂದಲೇ ಬಿಡುವವರು ಒಬ್ಬರು, ಪೈಪು ಎಳೆಯಲು ಮತ್ತು ಮದ್ದು ಕಲಸಿ ಪಂಪು ನೋಡಿಕೊಳ್ಳಲು ಇಬ್ಬರು. ಇಂಥ ತಂಡ ದಿನಕ್ಕೆ 4 ಬ್ಯಾರೆಲ್ ಮುಗಿಸುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸುತ್ತಿಗೆ ಪತ್ತನಾಜೆಯ (ಮೇ ಕೊನೆಯ ವಾರದ ತುಳುವರ ಆಚರಣೆ) ಆಸುಪಾಸಿನಿಂದ ಜೋರು ಮಳೆ ಹಿಡಿಯುವವರೆಗೆ ಕೆಲಸ ನಡೆಯುವ ದಿನ 15 ಸಿಕ್ಕಿದರೆ ಒಂದು ತಂಡದಿಂದ 60 ಬ್ಯಾರೆಲ್. 360ಕ್ಕೆ ಆರು ತಂಡ ಬೇಕು.

ಆರು ತಂಡಕ್ಕೆ ಜನ ಇದ್ದಾರೆಯೇ? ಎರಡೇ ತಂಡ ಹೊಂದುವುದಾದರೆ ಮೊದಲ ವರ್ಷ 120 ಬ್ಯಾರೆಲ್‌ಗಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. 60 ಮನೆಯವರನ್ನು ಸೇರಿಸಿ 20 ಮನೆಗೆ ಮಾತ್ರ ಹೊತ್ತಿಗೆ ಮದ್ದು ಬಿಟ್ಟರೆ ಉಳಿದ 40 ಮನೆಯವರು ಮುಂದಿನ ವರ್ಷ ಫೋನು ಎತ್ತುವುದಿಲ್ಲ, ಊರಿಡೀ ಹೇಳಿಕೊಂಡು ಬರುವುದು ಬೇರೆ. ಸದಸ್ಯತ್ವಕ್ಕೆ ಕಾಯುವ ಪಟ್ಟಿ ಇರುವುದರಲ್ಲಿ ನಾಚಿಕೆಯೇನಿಲ್ಲ.

ಯಾವ ಕಾಯ್ದೆಯಡಿ

ಒಂದೇ ರಾಜ್ಯದೊಳಗಿನ ಸಂಘವಾದರೆ 1969ರ ಕೇರಳ ಸಹಕಾರ ಸಂಘಗಳ ಕಾಯ್ದೆ. ಬೇರೆ ಬೇರೆ ಕುಟುಂಬಗಳ ಕನಿಷ್ಠ 25 ಜನ ಬೇಕು. ಪ್ರಸ್ತಾಪ ಹೋಗುವುದು ತಾಲೂಕಿನ ಸಹಾಯಕ ರಿಜಿಸ್ಟ್ರಾರ್ ಕಚೇರಿಗೆ. ಕಾರ್ಯವ್ಯಾಪ್ತಿ, ಬೈಲಾ (ಸಂಘದ ನಿಯಮಾವಳಿ), ನಡೆಸಿಕೊಂಡು ಹೋಗಬಹುದು ಎಂದು ತೋರಿಸುವ ಯೋಜನಾ ವರದಿ ಜೊತೆಗಿರಬೇಕು. ಮೇಲಿನ ಬ್ಯಾರೆಲ್ ಲೆಕ್ಕ ನಿಮ್ಮ ವರದಿಯ ಮುಕ್ಕಾಲು ಭಾಗ.

ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯಂಥ ಗಡಿ ಪಂಚಾಯತುಗಳಲ್ಲಿ ಮನೆ ಇತ್ತ, ತೋಟ ಅತ್ತ ಕರ್ನಾಟಕದಲ್ಲಿ ಇರುವವರು ಇದ್ದಾರೆ. ಎರಡೂ ರಾಜ್ಯದವರನ್ನು ಸದಸ್ಯರನ್ನಾಗಿಸುವುದಾದರೆ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ. ವ್ಯಕ್ತಿಗಳೇ ಸದಸ್ಯರಾದಲ್ಲಿ ಪ್ರತಿ ರಾಜ್ಯದಿಂದಲೂ ಕನಿಷ್ಠ 50 ಜನ. ನಿವ್ವಳ ಲಾಭದ ಶೇ. 25ಕ್ಕೆ ಕಡಿಮೆಯಿಲ್ಲದಂತೆ ಮೀಸಲು ನಿಧಿಗೆ ಹಾಕಬೇಕು. ಕ್ಯಾಂಪ್ಕೊ 1973ರಲ್ಲಿ ಎರಡು ರಾಜ್ಯದ ಬೆಳೆಗಾರರ ಸಂಸ್ಥೆಯಾಗಿಯೇ ಹುಟ್ಟಿತು, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ. ಅಡಿಕೆ ಧಾರಣೆ ನೆಲಕಚ್ಚಿ ಎರಡೂ ಕಡೆಯವರು ಒಟ್ಟಿಗೆ ಬಿದ್ದ ಕಾಲ ಅದು. ಎಂಟು ಹತ್ತು ಮೈಲಿನೊಳಗೆ ಮದ್ದು ಬಿಡುವ ಸಂಘಕ್ಕೆ ಅಷ್ಟು ದೊಡ್ಡ ಅಂಗಿ ಬೇಡ.

ಮೂರನೆಯದು ಉತ್ಪಾದಕರ ಕಂಪೆನಿ. ಹತ್ತು ಜನ ಬೆಳೆಗಾರರು ಸಾಕು, ನಿರ್ದೇಶಕರು ಕನಿಷ್ಠ 5, ಹೆಚ್ಚೆಂದರೆ 15. ಅಲ್ಲಿಯೂ ಒಬ್ಬರಿಗೆ ಒಂದೇ ವೋಟು. ನೋಂದಣಿ ಸಲೀಸು, ಆದರೆ ವರ್ಷವರ್ಷವೂ ಕಂಪೆನಿ ಕಾಯ್ದೆಯ ದಾಖಲೆ ಸಲ್ಲಿಸುತ್ತಲೇ ಇರಬೇಕು, ಚಾರ್ಟರ್ಡ್ ಅಕೌಂಟೆಂಟರ ಫೀಸು ಸಣ್ಣ ಸಂಘಕ್ಕೆ ಸಣ್ಣದಲ್ಲ.

ಮೂರೂ ಬೇಡ, ಒಂದು ವರ್ಷ ನೋಡೋಣ ಎನ್ನುವವರು ಹತ್ತು ಹದಿನೈದು ಮನೆಯವರು ಸೇರಿ, ಇಬ್ಬರ ಸಹಿಯ ಜಂಟಿ ಖಾತೆ ತೆರೆದು, ಒಪ್ಪಂದವನ್ನು ಕಾಗದದಲ್ಲಿ ಬರೆದು ಒಂದು ಮಳೆಗಾಲ ನಡೆಸಿ ನೋಡಬಹುದು. ಆ ಒಂದು ವರ್ಷದಲ್ಲಿ ಸಂಘಕ್ಕೆ ಯಾರು ಆಗುತ್ತಾರೆ, ಯಾರು ಮಾತಿಗೆ ಮಾತ್ರ ಎಂಬುದು ಗೊತ್ತಾಗುತ್ತದೆ.

ಭಾಷೆಯ ವಿಷಯ ಸಣ್ಣದೆಂದು ಬಿಡಬೇಡಿ. ಮಾದರಿ ಬೈಲಾ ಕೈಗೆ ಸಿಗುವುದು ಬಹುತೇಕ ಮಲಯಾಳದಲ್ಲಿ. ಓದಲು ಬಾರದವರು ನಂಬಿಕೆಯ ಮೇಲೆ ಸಹಿ ಹಾಕುತ್ತಾರೆ. ಮೂರು ವರ್ಷದ ನಂತರ ಜಗಳ ಬಂದಾಗ ‘ಹೀಗೆ ಬರೆದದ್ದು ನಮಗೆ ಗೊತ್ತೇ ಇರಲಿಲ್ಲ’ ಎನ್ನುತ್ತಾರೆ, ಅವರು ಹೇಳುವುದು ನಿಜವೂ ಹೌದು. ಬೈಲಾದ ಕನ್ನಡ ಪ್ರತಿ ಪ್ರತಿ ಮನೆಗೂ ತಲುಪಲಿ, ಸಹಿಯ ಮೊದಲು ಸಭೆಯಲ್ಲಿ ಒಂದೊಂದೇ ವಿಧಿ ಗಟ್ಟಿಯಾಗಿ ಓದಿ. ಸಭೆಯ ನೋಟೀಸು ಎರಡೂ ಭಾಷೆಯಲ್ಲಿರಲಿ.

ಷೇರು ಬ್ಯಾರೆಲ್‌ಗೆ, ವೋಟು ತಲೆಗೆ

ಎಲ್ಲರೂ ಸಮಾನವಾಗಿ 5,000 ರೂಪಾಯಿ ಹಾಕುವುದು ನ್ಯಾಯದ ಹಾಗೆ ಕಾಣುತ್ತದೆ. ಆದರೆ ಒಂದು ಬ್ಯಾರೆಲ್‌ನ ತೋಟದವರೂ ಇಪ್ಪತ್ತು ಬ್ಯಾರೆಲ್‌ನವರೂ ಒಂದೇ ಮೊತ್ತ ಹಾಕಿದರೆ ದೊಡ್ಡವರ ಕೆಲಸಕ್ಕೆ ಬೇಕಾದ ಯಂತ್ರಕ್ಕೆ ಸಣ್ಣವರು ಬಂಡವಾಳ ಕೊಟ್ಟಂತಾಯಿತು. ಒಂದು ಸುತ್ತಿನ ಬ್ಯಾರೆಲ್ ಒಂದಕ್ಕೆ 1,000 ರೂಪಾಯಿ ಷೇರು ಎಂದು ಮಾಡಿ. 360 ಬ್ಯಾರೆಲ್‌ಗೆ 3,60,000 ರೂಪಾಯಿ ಆಯಿತು. ಆರು ತಂಡದ ಪಂಪು, ಪೈಪು, ದೋಟಿ, ಬ್ಯಾರೆಲ್‌ಗೆ ತಲಾ ಒಂದು ಲಕ್ಷ ಹಿಡಿದರೆ 6 ಲಕ್ಷ. ಉಳಿದ 2,40,000ಕ್ಕೆ ಸೇವಾ ಸಹಕಾರಿ ಬ್ಯಾಂಕಿನ ಸಾಲ. ವೋಟು ಮಾತ್ರ ತಲೆಗೊಂದೇ. ಇದು ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 1844ರಲ್ಲಿ 28 ಜನ ಅಂಗಡಿ ತೆರೆದ ಕಾಲದಿಂದ ಸಹಕಾರದ ಬೆನ್ನೆಲುಬು.

ರೋಚ್‌ಡೇಲ್‌ನವರ ಇನ್ನೊಂದು ಪದ್ಧತಿಯನ್ನು ಜನ ಮರೆಯುತ್ತಾರೆ: ಉದ್ರಿ ಇಲ್ಲ, ನಗದು ಮಾತ್ರ. ಸಣ್ಣ ಸಂಘಗಳು ಬಾಗಿಲು ಹಾಕುವುದು ನಷ್ಟದಿಂದ ಕಡಿಮೆ, ಬಾಕಿಯಿಂದ ಹೆಚ್ಚು. ‘ಅಡಿಕೆ ಮಾರಿದ ಮೇಲೆ ಕೊಡುತ್ತೇನೆ’ ಎಂದವರಿಗೆ ಇಲ್ಲ ಎನ್ನಲು ಕಾರ್ಯದರ್ಶಿಗೆ ಕಷ್ಟ, ಅವರು ನೆರೆಮನೆಯ ಭಾವನೋ ದೊಡ್ಡಪ್ಪನೋ ಆಗಿರುತ್ತಾರೆ. ಆದ್ದರಿಂದ ಇಲ್ಲ ಎನ್ನುವ ಕೆಲಸವನ್ನು ಬೈಲಾಕ್ಕೆ ಕೊಡಿ. ಏಪ್ರಿಲ್ ನಡುವಿನ ವಿಷುವಿನೊಳಗೆ ಬುಕಿಂಗ್, ಬುಕಿಂಗಿಗೆ ದರದ ಅರ್ಧ ಮುಂಗಡ, ಉಳಿದರ್ಧ ಕೊನೆಯ ಬ್ಯಾರೆಲ್ ಮುಗಿದ ದಿನ. ಹಿಂದಿನ ಸುತ್ತಿನ ಬಾಕಿ ಇದ್ದರೆ ಮುಂದಿನ ಸುತ್ತಿಗೆ ಹೆಸರಿಲ್ಲ. ಆ ಹೊತ್ತಿನಲ್ಲಿ ಕೈಯಲ್ಲಿ ದುಡ್ಡಿಲ್ಲದವರಿಗೆ ಸಾಲ ಕೊಡಬೇಕಾದದ್ದು ಬ್ಯಾಂಕು, ಮದ್ದಿನ ಸಂಘವಲ್ಲ.

ದರ ಕಟ್ಟುವುದು

ಖಾಸಗಿಯವರ ದರಕ್ಕಿಂತ 50 ರೂಪಾಯಿ ಕಡಿಮೆ ಎಂದು ಘೋಷಿಸಿ ಶುರುಮಾಡುವ ಸಂಘಗಳು ಎರಡನೇ ವರ್ಷ ಪಂಪು ಕೆಟ್ಟಾಗ ಚಂದಾ ಎತ್ತುತ್ತವೆ. ದರವನ್ನು ಒಳಗಿನಿಂದ ಕಟ್ಟಿಕೊಂಡು ಬನ್ನಿ.

ದೋಟಿ ಹಿಡಿಯುವವರಿಗೆ ದಿನಕ್ಕೆ 1,800, ಇಬ್ಬರು ಸಹಾಯಕರಿಗೆ ತಲಾ 1,000, ಪಂಪಿನ ಎಣ್ಣೆಗೆ 200. ಒಟ್ಟು 4,000, ನಾಲ್ಕು ಬ್ಯಾರೆಲ್‌ಗೆ ಭಾಗಿಸಿದರೆ ಬ್ಯಾರೆಲ್‌ಗೆ 1,000. ಇಲ್ಲಿಗೇ ನಿಲ್ಲಿಸುವವರು ಬಹಳ. ಒಂದು ಲಕ್ಷದ ಸಾಮಾನು ಐದು ವರ್ಷ ಬಾಳುತ್ತದೆ ಎಂದರೆ ತಂಡಕ್ಕೆ ವರ್ಷಕ್ಕೆ 20,000 ಸವೆತ. ತಂಡ ಎರಡು ಸುತ್ತಿನಲ್ಲಿ ಬಿಡುವುದು 120 ಬ್ಯಾರೆಲ್, ಹಾಗಾಗಿ ಬ್ಯಾರೆಲ್‌ಗೆ 167. ಅರೆಕಾಲಿಕ ಗುಮಾಸ್ತರಿಗೆ ತಿಂಗಳಿಗೆ 8,000, ವರ್ಷಕ್ಕೆ 96,000. 720ಕ್ಕೆ ಹಂಚಿದರೆ 133. ಮಳೆ ಬಂದು ತಂಡ ಸುಮ್ಮನೆ ಕೂತ ದಿನಕ್ಕೆ ಅರ್ಧ ಕೂಲಿ ಕೊಡಬೇಕು, ಇಲ್ಲವಾದರೆ ಮಾರನೇ ದಿನ ಅವರು ಬೇರೆಯವರ ತೋಟದಲ್ಲಿರುತ್ತಾರೆ. ತಂಡಕ್ಕೆ ವರ್ಷದಲ್ಲಿ ಅಂಥ ಐದು ದಿನ ಹಿಡಿದರೆ 9,500, ಆರು ತಂಡಕ್ಕೆ 57,000, ಬ್ಯಾರೆಲ್‌ಗೆ 79. ಎಲ್ಲ ಸೇರಿ 1,379. ಸಾಲದ ಬಡ್ಡಿ, ವಿಮೆ, ಮೀಸಲಿಗೆ ಸ್ವಲ್ಪ ಸೇರಿಸಿ 1,500 ಎಂದು ನಿಗದಿ ಮಾಡಿ. ಮದ್ದಿನ ಸಾಮಾನಿನ ಬೆಲೆ ಇದರ ಹೊರಗೆ.

ಸವೆತದ ಹಣ ಪ್ರತ್ಯೇಕ ಖಾತೆಗೆ ಹೋಗಬೇಕು. ಕೈಯಲ್ಲಿದ್ದರೆ ಖರ್ಚಾಗುತ್ತದೆ.

ಸದಸ್ಯರು ಬುಕ್ ಮಾಡಿ ಕೊನೆಗೆ ಬೇರೆಯವರಿಂದ ಬಿಡಿಸಿದರೆ ಏನಾಗುತ್ತದೆ ಎಂಬುದನ್ನು ಇದೇ ಅಂಕಿಯಲ್ಲಿ ಮಹಾಸಭೆಯಲ್ಲಿ ತೋರಿಸಿ. ಸವೆತ ಮತ್ತು ಗುಮಾಸ್ತರ ಸಂಬಳ ಸೇರಿ ವರ್ಷಕ್ಕೆ 2,16,000. 720 ಬ್ಯಾರೆಲ್ ಇದ್ದಾಗ ಬ್ಯಾರೆಲ್‌ಗೆ 300. 400ಕ್ಕೆ ಇಳಿದರೆ 540. ಹೋದವರ 240 ರೂಪಾಯಿಯನ್ನು ಉಳಿದವರು ತೆರುತ್ತಾರೆ. ಬುಕಿಂಗ್ ರದ್ದು ಮಾಡಿದರೆ ಮುಂಗಡ ಹಿಂದಿಲ್ಲ ಎಂಬ ನಿಯಮ ಕಠಿಣವೆಂದು ಕಂಡರೂ ಇರಲಿ. ವರ್ಷದ ಕೊನೆಗೆ ಮಿಗತೆ ಬಂದರೆ ಷೇರಿನ ಮೇಲೆ ಸಣ್ಣ ಡಿವಿಡೆಂಡ್, ಉಳಿದದ್ದು ಬಿಡಿಸಿದ ಬ್ಯಾರೆಲ್ ಲೆಕ್ಕದಲ್ಲಿ ವಾಪಸು. ಸಂಘವನ್ನು ಬಳಸಿದವರಿಗೆ ಲಾಭ ಸಿಗಬೇಕು, ಷೇರು ಇಟ್ಟುಕೊಂಡು ಮನೆಯಲ್ಲಿ ಕೂತವರಿಗಲ್ಲ.

ಸರದಿ

ಇಂಥ ಸಂಘಗಳು ಒಡೆಯುವುದು ಇಲ್ಲಿ. ಹಣದ ಗೋಲ್‌ಮಾಲನ್ನು ಜನ ಮೂರು ವರ್ಷ ತಾಳಿಕೊಂಡಾರು. ಅಧ್ಯಕ್ಷರ ತೋಟಕ್ಕೆ ಮೊದಲ ದಿನವೇ ಮದ್ದು ಬಿಟ್ಟಿತು, ನಮ್ಮದಕ್ಕೆ ಮಳೆ ಹಿಡಿದ ಮೇಲೆ ಎಂಬುದನ್ನು ಒಂದು ವಾರವೂ ತಾಳುವುದಿಲ್ಲ.

ಕಾರ್ಯವ್ಯಾಪ್ತಿಯನ್ನು ಬೈಲುಗಳಾಗಿ (ಒಂದೊಂದು ತಗ್ಗಿನಲ್ಲಿ ಒತ್ತಿಗಿರುವ ತೋಟಗಳ ಗುಂಪು) ಭಾಗ ಮಾಡಿ. ಯಾವ ಬೈಲಿನಿಂದ ಶುರು ಎಂಬುದಕ್ಕೆ ಏಪ್ರಿಲ್ ಸಭೆಯಲ್ಲಿ ಎಲ್ಲರೆದುರು ಚೀಟಿ ಎತ್ತಿ. ಬೈಲಿನೊಳಗೆ ದಾರಿಯ ಕ್ರಮದಲ್ಲಿ ತೋಟದಿಂದ ತೋಟಕ್ಕೆ. ಪಂಪು ಹೊತ್ತು ಗುಡ್ಡ ಹತ್ತಿಳಿಯುವುದರಲ್ಲೇ ಅರ್ಧ ದಿನ ಹೋಗಬಾರದು. ನಿರ್ದೇಶಕರ ತೋಟ ಅವರವರ ಬೈಲಿನಲ್ಲಿ ಕೊನೆಗೆ. ದೊಡ್ಡ ತೋಟಕ್ಕೆ ಒಂದು ಸರದಿಯಲ್ಲಿ ಗರಿಷ್ಠ 8 ಬ್ಯಾರೆಲ್, ಅಂದರೆ ಎರಡು ದಿನ. ಮಿಕ್ಕದ್ದು ಎಲ್ಲರದ್ದೂ ಆದ ಮೇಲೆ.

ಎರಡನೇ ಸುತ್ತಿಗೆ ಸರದಿಯನ್ನು ತಿರುಗಿಸಿ ಹಿಂದಿನಿಂದ ಶುರುಮಾಡೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಒಪ್ಪಬೇಡಿ. ಎರಡು ಸುತ್ತಿನ ನಡುವೆ 40ರಿಂದ 45 ದಿನ ಅಂತರ ಬೇಕು. ತಿರುಗಿಸಿದರೆ ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ಅಂತರ 60 ದಿನ ಮೀರುತ್ತದೆ, ಅದೂ ಮಳೆ ಜೋರಿರುವ ಜುಲೈಯಲ್ಲಿ. ಹಿಂದಿದ್ದವರ ಗೊನೆಯ ಮೇಲೆ ಮೊದಲ ಮದ್ದು ಇನ್ನೂ ಇರುವಾಗಲೇ ಎರಡನೆಯದು ಬೀಳುತ್ತದೆ. ಒಂದು ವರ್ಷ ಎರಡೂ ಸುತ್ತಿಗೆ ಒಂದೇ ಕ್ರಮ, ಮುಂದಿನ ವರ್ಷ ಶುರುವಾಗುವ ಬೈಲು ಬದಲು.

ಮಳೆಯ ನಿಯಮವನ್ನೂ ಮೊದಲೇ ಬರೆಯಿರಿ. ತಂಡ ಬಂದಾಗ ಮಳೆಯಾದರೆ ಹನ್ನೊಂದು ಗಂಟೆವರೆಗೆ ಕಾಯುವುದು, ಆಮೇಲೂ ಮಳೆ ನಿಲ್ಲದಿದ್ದರೆ ಆ ತೋಟ ಮಾರನೇ ದಿನ ಮೊದಲು. ಬಿಟ್ಟ ಮದ್ದು ಒಣಗುವ ಮೊದಲೇ ಮಳೆ ಹೊಡೆದರೆ ಪುನಃ ಬಿಡುವಾಗ ಸಾಮಾನು ತೋಟದವರದ್ದು, ಕೂಲಿ ಅರ್ಧ ತೋಟದವರದ್ದು, ಅರ್ಧ ಸಂಘದ್ದು.

ಮದ್ದು ಮತ್ತು ಅದನ್ನು ಬಿಡುವವರು

ಸಾಮಾನು ಒಟ್ಟಿಗೆ ತಂದರೆ ಬೆಲೆಯಲ್ಲಿ ಉಳಿತಾಯ ಇದೆ, ಜವಾಬ್ದಾರಿಯೂ ಇದೆ. ಶೇ. 1ರ ಬೋರ್ಡೋಗೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. 200 ಲೀಟರಿನ ಬ್ಯಾರೆಲ್‌ಗೆ ಎರಡೆರಡು ಕಿಲೋ. 720 ಬ್ಯಾರೆಲ್‌ಗೆ ಎರಡೂ ತಲಾ 1,440 ಕಿಲೋ. ಮೈಲುತುತ್ತನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಇನ್ನರ್ಧದಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು. ಪಾತ್ರೆ ಪ್ಲಾಸ್ಟಿಕಿನದ್ದೇ. ಸುಣ್ಣ ಚೀಲದಿಂದ ಚೀಲಕ್ಕೆ ಬೇರೆ, ಗಾಳಿ ತಾಗಿದ್ದಕ್ಕೆ ಬಲ ಕಡಿಮೆ. ಹಾಗಾಗಿ ತೂಕ ಸರಿಯಿದ್ದರೂ ದ್ರಾವಣ ಹುಳಿಯಾಗಿ ಎಳೆ ಕಾಯಿ ಸುಡಬಹುದು. ಮಸೆದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು. ಲಿಟ್ಮಸ್ ಕಾಗದ ಇನ್ನೂ ಒಳ್ಳೆಯದು. ಪ್ರತಿ ಬ್ಯಾರೆಲ್‌ಗೂ ಈ ಪರೀಕ್ಷೆ ತೋಟದವರ ಎದುರೇ ಆಗಲಿ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಕೆರೆ, ಬಾವಿ, ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ನೀರಿನ ಟ್ಯಾಂಕಿ ಮುಚ್ಚಿಕೊಳ್ಳಲು ಹಿಂದಿನ ದಿನವೇ ನೆರೆಯವರಿಗೂ ಹೇಳಿ. ಈ ಜಿಲ್ಲೆಯಲ್ಲಿ ಜನರ ಆರೋಗ್ಯ ಕೆಡಿಸಿದ ಕೀಟನಾಶಕ ಎಂಡೋಸಲ್ಫಾನಿನ ನೆನಪು ಹಸಿಯಾಗಿದೆ. ಏನು ಬಿಡುತ್ತಿದ್ದೀರಿ ಎಂದು ಕೇಳಿದವರಿಗೆ ಸಿಟ್ಟಾಗದೆ ಉತ್ತರ ಕೊಡಿ.

ಮದ್ದು ಬಿಡುವವರನ್ನು ಕೂಲಿಯಾಳುಗಳಾಗಿ ಹೊರಗಿಡುವುದೋ ಸದಸ್ಯರನ್ನಾಗಿ ಒಳಗೆ ತರುವುದೋ? ತೋಟದವರಿಗೆ ದರ ಇಳಿಯಬೇಕು, ಅವರಿಗೆ ಕೂಲಿ ಏರಬೇಕು. ಜಗಳ ಎರಡು ರೀತಿಯಲ್ಲೂ ಇದ್ದದ್ದೇ. ಒಳಗಿದ್ದರೆ ಅದು ಏಪ್ರಿಲ್‌ನ ಸಭೆಯಲ್ಲಿ ನಡೆಯುತ್ತದೆ, ಹೊರಗಿದ್ದರೆ ಜೂನಿನ ತೋಟದಲ್ಲಿ. ಒಳಗೆ ತರುವುದೇ ಲೇಸು, ಸಣ್ಣ ಷೇರಿಗೆ, ಸಮಾನ ವೋಟಿಗೆ. ಕೂಲಿ ನಿಗದಿಗೆ ಎರಡೂ ಕಡೆಯವರು ಸಮಸಂಖ್ಯೆಯಲ್ಲಿ ಕೂತು ವಿಷುವಿನ ಮೊದಲು ಬರೆದು ಸಹಿ ಹಾಕಲಿ, ವರ್ಷದ ನಡುವೆ ಬದಲಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಲ್ಲರಿಗೂ ಇರಲಿ, ಅದರಲ್ಲಿ ಅಪಘಾತದ ಸಾವಿಗೆ ಸಿಗುವುದು 2 ಲಕ್ಷ ಮಾತ್ರ. ಆದ್ದರಿಂದ ಗುಂಪು ಅಪಘಾತ ವಿಮೆ ಬೇರೆಯೇ ಮಾಡಿಸಿ. ದೋಟಿ ಹಿಡಿದವರು ಮರ ಏರುವುದಿಲ್ಲವಲ್ಲ ಎಂದು ಬಿಡಬೇಡಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಕರೆಂಟಿನ ತಂತಿಯ ಹತ್ತಿರದ ಸಾಲುಗಳಲ್ಲಿ ಲೈನ್ ಆಫ್ ಆಗದೆ ದೋಟಿ ಎತ್ತಬಾರದು.

ಹಣ, ಪುಸ್ತಕ, ಸಭೆ

ಹಣ ತೆಗೆದುಕೊಳ್ಳುವವರು, ಲೆಕ್ಕ ಬರೆಯುವವರು, ಸಾಮಾನಿನ ಕೋಣೆಯ ಕೀಲಿ ಇಟ್ಟುಕೊಳ್ಳುವವರು ಮೂರು ಬೇರೆ ಜನ. ಎಷ್ಟೇ ಸಜ್ಜನರಾದರೂ ಮೂರೂ ಒಬ್ಬರ ಕೈಯಲ್ಲಿ ಬೇಡ; ತಪ್ಪು ಮಾಡದವರ ಮೇಲೂ ಸಂಶಯ ಬರುವ ವ್ಯವಸ್ಥೆ ಅದು. ಚೆಕ್ಕಿಗೆ ಎರಡು ಸಹಿ. ಗೂಗಲ್ ಪೇ ಕ್ಯೂಆರ್ ಸಂಘದ ಖಾತೆಯದ್ದೇ ಆಗಿರಬೇಕು. ‘ಸದ್ಯಕ್ಕೆ ಕಾರ್ಯದರ್ಶಿಯ ನಂಬರಿಗೆ ಹಾಕಿ’ ಎಂಬಲ್ಲಿಂದಲೇ ಲೆಕ್ಕ ತಪ್ಪಲು ಶುರು.

ಪ್ರತಿ ತೋಟದಲ್ಲೂ ಮೂರು ಪ್ರತಿಯ ಚೀಟಿ: ತಾರೀಕು, ತೋಟದವರ ಹೆಸರು, ಬ್ಯಾರೆಲ್ ಸಂಖ್ಯೆ, ಶುರುವಾದ ಮತ್ತು ಮುಗಿದ ಹೊತ್ತು, ಚೂರಿ ಪರೀಕ್ಷೆ ಆಯಿತೇ, ಇಬ್ಬರ ಸಹಿ. ಒಂದು ತೋಟದವರಿಗೆ, ಒಂದು ತಂಡಕ್ಕೆ, ಒಂದು ಕಚೇರಿಗೆ. ಕೂಲಿ, ಬಿಲ್ಲು, ಸಾಮಾನಿನ ಖರ್ಚು, ವರ್ಷಾಂತ್ಯದ ವಾಪಸು ಎಲ್ಲವೂ ಈ ಚೀಟಿಯಿಂದಲೇ ಹುಟ್ಟುವುದರಿಂದ ಇದೊಂದು ಸರಿಯಿದ್ದರೆ ಆಡಿಟರ್ ಬಂದಾಗ ಅರ್ಧ ಕೆಲಸ ಮುಗಿದಿರುತ್ತದೆ. ಸದಸ್ಯರ ರಿಜಿಸ್ಟರು, ನಗದು ಪುಸ್ತಕ, ಖಾತೆ ಪುಸ್ತಕ, ದಾಸ್ತಾನು ಪುಸ್ತಕ, ನಡಾವಳಿ ಪುಸ್ತಕ ಹೇಗೂ ಬೇಕು. ಸೀಸನ್ನಿನಲ್ಲಿ ವಾರಕ್ಕೊಮ್ಮೆ ಒಂದು ಹಾಳೆ ಗೋಡೆಗೆ ಅಂಟಿಸಿ, ವಾಟ್ಸಾಪಿಗೂ ಹಾಕಿ: ಈ ವಾರ ಮುಗಿದ ಬ್ಯಾರೆಲ್, ಸರದಿಯಲ್ಲಿ ಉಳಿದವರು, ಬಂದ ಹಣ, ಹೋದ ಹಣ.

ಮಹಾಸಭೆಯನ್ನು ಅಡಿಕೆ ಕೊಯ್ಲಿನ ನಡುವೆ ಇಡಬೇಡಿ, ಯಾರೂ ಬರುವುದಿಲ್ಲ. ಬಂದವರು ಕೋರಂ ತುಂಬಿಸಿ ಚಾ ಕುಡಿದು ಹೋಗುತ್ತಾರೆ. ಲೆಕ್ಕಪತ್ರ ಒಂದು ವಾರ ಮೊದಲೇ ಮನೆಗೆ ತಲುಪಿದ್ದರೆ ಪ್ರಶ್ನೆಗಳು ಬರುತ್ತವೆ. ಚುನಾವಣೆಗೆ ಪಕ್ಷಗಳ ಪ್ಯಾನೆಲ್ ಬರುವುದನ್ನು ಈ ಜಿಲ್ಲೆಯಲ್ಲಿ ತಡೆಯಲಾಗದು. ಸರದಿಯ ಪಟ್ಟಿ, ದರ, ಬಾಕಿಯ ನಿಯಮ ಇವು ಬೈಲಾದಲ್ಲಿದ್ದರೆ ಯಾವ ಪ್ಯಾನೆಲ್ ಗೆದ್ದರೂ ಸುಲಭಕ್ಕೆ ಮುಟ್ಟಲಾಗುವುದಿಲ್ಲ. ಮಂಡಳಿಯ ನಿರ್ಣಯದಲ್ಲಿ ಮಾತ್ರ ಇದ್ದರೆ ಒಂದು ಮಧ್ಯಾಹ್ನದಲ್ಲಿ ಬದಲಾಗುತ್ತವೆ.

ಎರಡನೇ ವರ್ಷ ಹೊಸ ಕೆಲಸ ಸೇರಿಸುವ ಉಮೇದು ಬರುತ್ತದೆ: ಗೊಬ್ಬರದ ಅಂಗಡಿ, ಕಾಳುಮೆಣಸು ಖರೀದಿ. ಮೊದಲು ಇದ್ದ ತಂಡಗಳಿಗೆ ಮಳೆಗಾಲದ ಹೊರಗೆ ಕೆಲಸ ಹುಡುಕಿ, ಏಕೆಂದರೆ ವರ್ಷಕ್ಕೆ ಮೂವತ್ತು ದಿನದ ಕೂಲಿಗಾಗಿ ಯಾರೂ ಸಂಘದಲ್ಲಿ ಉಳಿಯುವುದಿಲ್ಲ. ನವೆಂಬರಿನಿಂದ ಕೊಯ್ಲು, ಅದಕ್ಕೂ ದೋಟಿಯೇ. ಅದೇ ಚೀಟಿ, ಅದೇ ಬೈಲಿನ ಸರದಿ, ಬ್ಯಾರೆಲ್ ಬದಲು ಗೊನೆಯ ಎಣಿಕೆ.